ಸಾಕ್ಷಿಗೊಂದು ಸ್ಕೋಪ್

ಮೇ 14, ಭಾನುವಾರ

ಸೊಲ್ವೈಗ್ ಈ ನೋಟ್‌ಬುಕ್ ತಂದು ಕೈಗಿಟ್ಟಿದ್ದಾಳೆ. "ಸಿಟ್ಟು ಬಂದಾಗ ಇದ್ರಲ್ಲಿ ಬರಿ, ಹೊಲ್ಗರ್. ಬಾಗಿಲು ದಡಾರ್ ಅನ್ನಿಸ್ಬೇಡ. ಬಾಗಿಲು ಏನೂ ತಪ್ಪು ಮಾಡಿಲ್ಲ" ಎಂದಳು. ಮದುವೆಯಾಗಿ ಮೂವತ್ತೆಂಟು ವರ್ಷಕ್ಕೆ ಹೆಂಡತಿಯಿಂದ ಸಿಕ್ಕ ಉಡುಗೊರೆ ಇದು. ಆರೋಗ್ಯ ಕೇಂದ್ರದ ನರ್ಸು ಬೇರೆ ನನ್ನ ರಕ್ತದೊತ್ತಡವನ್ನು ಎರಡೆರಡು ಸಲ ನೋಡಿದಳು, ಮೊದಲ ಸಲ ಯಂತ್ರ ಸುಳ್ಳು ಹೇಳಿತೇನೋ ಎಂಬಂತೆ. ಸರಿ, ಬರೆಯುತ್ತೇನೆ. ನನ್ನ ಹತ್ತಿರ ಸಿಟ್ಟಿಗೇನು ಬರವಿಲ್ಲ.

ಇವತ್ತು ಅರ್ವಿಡ್‌ನ ಅಡುಗೆಮನೆಯಲ್ಲಿ ನಮ್ಮ ಬೇಟೆ ತಂಡದ ವಸಂತ ಸಭೆ. ಅರ್ವಿಡ್ ತಂಡದ ಮುಖ್ಯಸ್ಥ. ನಲವತ್ತು ಹಸು ಸಾಕಿದ್ದಾನೆ, ಅವುಗಳಿಂದಲೇ ತಾಳ್ಮೆ ಕಲಿತಿದ್ದಾನೆ. ಹತ್ತು ಜನ, ಎರಡು ಫ್ಲಾಸ್ಕ್ ಕಾಫಿ, ದಾಲ್ಚಿನ್ನಿ ಬನ್ನು. ಮೊದಲ ವಿಷಯ, ಗುರಿಮೈದಾನದಲ್ಲಿ ಹಳಿಯ ಮೇಲೆ ಓಡುವ ಮರದ ಎಲ್ಕ್‌ಗೆ, ಕುದುರೆಯೆತ್ತರದ ಆ ಕಾಡುಜಿಂಕೆಯ ಗುರಿಬೊಂಬೆಗೆ, ಹೊಸ ಮೋಟಾರು ಹಾಕಿಸುವುದು. ಹಳೆಯದನ್ನು ಕೂರಿಸಿದವನು ನಾನು, ಮೂವತ್ತು ವರ್ಷದ ಹಿಂದೆ. ಅದಕ್ಕೇನಾಗಿದೆ ಎಂದು ಕೇಳಿದೆ.

"ನಿಧಾನ ಆಗಿದೆ. ನಮ್ಮ ಹಾಗೇನೇ" ಎಂದ ಸಿಕ್ಸ್ಟೆನ್. ತಂಡದಲ್ಲಿ ಎಲ್ಲರಿಗಿಂತ ಹಿರಿಯ, ಎಲ್ಲರಿಗಿಂತ ಹೆಚ್ಚು ಬನ್ನು ತಿನ್ನುವವನು. ಎಲ್ಲರೂ ನಕ್ಕರು. ನಾನು ನಗಲಿಲ್ಲ.

ಎರಡನೆಯ ವಿಷಯ, ಗಾಯಗೊಂಡ ಎಲ್ಕ್ ತಪ್ಪಿಸಿಕೊಂಡರೆ ಅದರ ಜಾಡು ಹಿಡಿಯುವ ನಾಯಿ ತಂಡಕ್ಕಿಲ್ಲ. ಅಂಥ ನಾಯಿ ಇಲ್ಲದೆ ಬೇಟೆಗಿಳಿಯುವಂತಿಲ್ಲ. ಹೋದ ವರ್ಷದವರೆಗೆ ಇತ್ತು. ನಾಯಿಯ ಒಡತಿ ತಂಡ ಬಿಟ್ಟಳು, ನಾಯಿಯೂ ಹೋಯಿತು. ಇದನ್ನು ಹೇಳುವಾಗ ಅರ್ವಿಡ್ ನನ್ನತ್ತ ನೋಡಲಿಲ್ಲ. ಉಳಿದ ಎಂಟು ಜನವೂ ನೋಡಲಿಲ್ಲ. ಒಂಬತ್ತು ಜನ ಸೇರಿ ಒಬ್ಬನನ್ನು ನೋಡದೇ ಇರುವುದು ಎಂದರೇನೆಂದು ನನಗೂ ಗೊತ್ತು.

ಅವಳ ಹೆಸರು ಇಲ್ಲಿ ಬರೆಯುವುದಿಲ್ಲ. ನಾಲ್ಕನೇ ತಾಣದವಳು, ಅಷ್ಟು ಸಾಕು.

ನಡೆದದ್ದು ಇಷ್ಟು. ಹೋದ ಅಕ್ಟೋಬರಿನಲ್ಲಿ ನಾನು ಐದನೇ ತಾಣದಲ್ಲಿ ಕಾಯುತ್ತಿದ್ದೆ, ಅವಳು ನಾಲ್ಕರಲ್ಲಿ. ಮರ ಕಡಿದು ಬೋಳಾದ ಬಯಲಿಗೆ ಒಂದು ಹೆಣ್ಣು ಎಲ್ಕ್ ಕರುವಿನೊಂದಿಗೆ ನಾಗಾಲೋಟದಲ್ಲಿ ಬಂತು. ನಾನು ಎರಡು ಈಡು ಹೊಡೆದೆ, ಅವಳು ಒಂದು. ಮೂರರಲ್ಲಿ ತಾಗಿದ್ದು ಒಂದೇ, ಅದೂ ಹೊಟ್ಟೆಗೆ. ಮರುದಿನ ಬೆಳಿಗ್ಗೆ ಜೌಗಿನಲ್ಲಿ ಬಿದ್ದುಕೊಂಡು ಇನ್ನೂ ಉಸಿರಾಡುತ್ತಿತ್ತು, ಕರು ಪಕ್ಕದಲ್ಲಿ ನಿಂತಿತ್ತು. ಹುಡುಕಿದ್ದು ಅವಳ ನಾಯಿ. ಕೊನೆಯ ಗುಂಡು ಹೊಡೆದವಳೂ ಅವಳೇ. ನಮ್ಮಿಬ್ಬರ ಕೋವಿಯೂ ಒಂದೇ ಅಳತೆಯದು, ಹೊಟ್ಟೆಗೆ ಹೊಕ್ಕ ಗುಂಡು ಆಚೆ ಹಾರಿಹೋಗಿತ್ತು. ಯಾರದೆಂದು ಯಾರೂ ಹೇಳುವಂತಿರಲಿಲ್ಲ. ಆದರೆ ನಾನು ಆಗಲೇ ಹೇಳಿಯಾಗಿತ್ತು. ಹಿಂದಿನ ದಿನ ಈಡು ಹಾರಿದ ಅರೆ ನಿಮಿಷಕ್ಕೆ ವಾಕಿಟಾಕಿಯಲ್ಲಿ ಎಲ್ಲ ತಾಣಗಳಿಗೂ ಕೇಳುವಂತೆ ಹೇಳಿದ್ದೆ: ನಾಲ್ಕನೇ ತಾಣದ ಈಡು ಎದೆಯಿಂದ ಹಿಂದಕ್ಕೆ, ಹೊಟ್ಟೆಗೆ ಬಿತ್ತು, ನಾನು ಕಣ್ಣಾರೆ ಕಂಡೆ. ನಮ್ಮಲ್ಲಿ ಒಂದು ಮಾತು ಬಂದರೆ ಪ್ರತಿ ತಾಣವೂ ಸರದಿಯಲ್ಲಿ 'ಕೇಳಿಸಿತು' ಎನ್ನಬೇಕು. ಒಂದು, ಕೇಳಿಸಿತು. ಎರಡು, ಕೇಳಿಸಿತು. ಮೂರು, ಕೇಳಿಸಿತು. ನಾಲ್ಕೂ ಹೇಳಿತು, ಕೇಳಿಸಿತು ಎಂದು.

ಮಾಂಸ ಹಂಚುವ ದಿನ ಸಿಕ್ಸ್ಟೆನ್ ಎಂದಿನಂತೆ ಗೋಡೆಗೆ ಮುಖ ಮಾಡಿ ನಿಂತು, ಬೆನ್ನ ಹಿಂದೆ ಅರ್ವಿಡ್ ಯಾವ ಪಾಲಿನ ಮೇಲೆ ಕೈಯಿಟ್ಟಿದ್ದಾನೆಂದು ನೋಡದೆ ಒಂದೊಂದೇ ಹೆಸರು ಕೂಗಿದ. ತನ್ನ ಹೆಸರು ಬಂದಾಗ ಅವಳು ಪಾಲನ್ನು ಮುಟ್ಟಲಿಲ್ಲ. ಕಿತ್ತಳೆ ಬಣ್ಣದ ಜಾಕೆಟ್ಟನ್ನೂ ವಾಕಿಟಾಕಿಯನ್ನೂ ಮಾಂಸದ ಪಕ್ಕ ಇಟ್ಟು ಹೋದಳು. ನಾನಲ್ಲ ಎಂದು ಒಂದು ಮಾತಿಲ್ಲ. ತಪ್ಪಿಲ್ಲದವಳು ಬಾಯಿ ಬಿಡಬೇಕಿತ್ತು ತಾನೆ.

ಇವತ್ತು ಸಭೆ ಮುಗಿದು ಬೂಟು ಹಾಕಿಕೊಳ್ಳುವಾಗ ಸಿಕ್ಸ್ಟೆನ್ ಪಕ್ಕಕ್ಕೆ ಬಂದ. "ಒಂದ್ ವಿಷ್ಯ ಹೇಳು ಹೊಲ್ಗರ್. ಈಡು ಹಾರಿದ ತಕ್ಷಣ ಕೋವಿ ಮೇಲಕ್ಕೆ ಒದೆಯುತ್ತಲ್ಲ, ಎಲ್ಲರ ಕಣ್ಣೂ ಆಕಾಶ ನೋಡುತ್ತೆ. ನಿಂದು ಮಾತ್ರ ಕೆಳಗೇ ಇತ್ತಾ?"

ಅರ್ವಿಡ್‌ನ ಮನೆಯ ಬಾಗಿಲೂ ದಡಾರ್ ಎಂದಿತು.

ಮೇ 20, ಶನಿವಾರ

ಬೇಟೆ ಪತ್ರಿಕೆಯಲ್ಲಿ ನೋಡಿದೆ. ಸ್ಮಾರ್ಟ್ ಸ್ಕೋಪ್ ಅಂತೆ, ಕೋವಿಯ ಮೇಲೆ ಕೂರಿಸಿ ಗುರಿ ನೋಡುವ ದುರ್ಬೀನು. ಒಳಗೇ ಕ್ಯಾಮೆರಾ ಇದೆ. ಈಡಿನ ಒದೆತಕ್ಕೆ ತಾನಾಗಿಯೇ ಎಚ್ಚರಗೊಂಡು, ಈಡಿನ ಹಿಂದಿನ ಹತ್ತು ಸೆಕೆಂಡು, ಮುಂದಿನ ಹತ್ತು ಸೆಕೆಂಡು ಚಿತ್ರ ಹಿಡಿದಿಡುತ್ತದೆ. ಹೋದ ವರ್ಷ ಇದು ನನ್ನ ಕೋವಿಯ ಮೇಲಿದ್ದಿದ್ದರೆ ಸಿಕ್ಸ್ಟೆನ್‌ನ ಮುಖಕ್ಕೆ ಹಿಡಿದು ತೋರಿಸಬಹುದಿತ್ತು. ನೋಡಿಕೋ, ಎಂದು.

ಇದು ನನಗೆ ಬೇಕು.

ಜೂನ್ 3, ಶನಿವಾರ

ಪೇಟೆಗೆ ಹೋಗಿದ್ದೆ. ಕೋವಿ ಅಂಗಡಿಯಲ್ಲಿ ಮಾರಿತ್ ಇದ್ದಳು. ಅವಳಪ್ಪನ ಕಾಲದಿಂದ ನಾನು ಅಲ್ಲಿಗೇ ಹೋಗುವವನು. ಗಾಜಿನ ಮೇಜಿನ ಮೇಲೆ ಮೂರು ಸ್ಕೋಪ್ ಸಾಲಾಗಿ ಇಟ್ಟಳು.

"ಏನಕ್ಕೆ ಬೇಕು?"

"ಬೇಟೆಗೆ. ಗುರಿ ಅಭ್ಯಾಸಕ್ಕೆ."

"ಎಷ್ಟು ದೂರ ಹೊಡಿತೀಯ?"

"ಎಂಬತ್ತು ಮೀಟರು. ಎಲ್ಲೋ ಒಂದೊಂದು ಸಲ ನೂರು."

ಅವಳು ನಕ್ಕಳು. "ಅಷ್ಟಕ್ಕೆ ನಿನ್ನ ಹಳೇ ಗಾಜೇ ಸಾಕಲ್ಲ ಮಾರಾಯ. ಲೇಸರಲ್ಲಿ ದೂರ ಅಳೆಯೋದು, ಗುಂಡು ಎಷ್ಟು ಇಳಿಯುತ್ತೆ ಅಂತ ಲೆಕ್ಕ ಹಾಕೋದು, ಇದೆಲ್ಲ ಬೆಟ್ಟದಲ್ಲಿ ನಿಂತು ಮುನ್ನೂರು ಮೀಟರ್ ಹೊಡೆಯೋರಿಗೆ. ನಮ್ಮ ಕಾಡಲ್ಲಿ ಮರವೇ ಅಡ್ಡ ಬರುತ್ತೆ. ನಿಜ ಹೇಳು, ಏನಕ್ಕೆ?"

"ಸಾಕ್ಷಿಗೆ" ಎಂದೆ.

ಅವಳು ಮತ್ತೆ ನಗಲಿಲ್ಲ. ಹೋದ ವರ್ಷದ ಸುದ್ದಿ ಪೇಟೆಗೂ ಮುಟ್ಟಿದೆ ಎಂದಾಯಿತು. ಸುಮ್ಮನೆ ವಿವರಿಸಿದಳು. ಮೊದಲನೆಯದು ಗಾಜಿನದೇ, ಗಾಜಿನೊಳಗೆ ದೂರದ ಅಂಕಿ ಮೂಡುತ್ತದೆ, ಆದರೆ ಚಿತ್ರ ಹಿಡಿಯುವುದಿಲ್ಲ. ಎರಡನೆಯದು ಪೂರಾ ಕ್ಯಾಮೆರಾ, ಕಣ್ಣಿಟ್ಟರೆ ಕಾಣುವುದು ಒಂದು ಪುಟ್ಟ ಪರದೆ. ಮೂರನೆಯದೂ ಅದೇ ಜಾತಿ, ಇನ್ನೂ ಚುರುಕು, ಇನ್ನೂ ಹಗುರ.

"ಪರದೆಯ ಚಿತ್ರ ಒಂದ್ ಎಳೆಯಷ್ಟು ತಡ ಇರುತ್ತೆ. ನಿಂತ ಪ್ರಾಣಿಗೆ ಏನೂ ಇಲ್ಲ, ಓಡೋದಕ್ಕೆ ಗೊತ್ತಾಗ್ಬಹುದು. ಚಳಿಗೆ ಬ್ಯಾಟರಿ ಬೇಗ ಸಾಯುತ್ತೆ. ತೂಕಾನೂ ನೋಡ್ಕೋ, ದಿನವಿಡೀ ಹೆಗಲ ಮೇಲಿರೋದು. ತಗೊಂಡ್ ಹೋಗಿ ಹೊಡೆದು ನೋಡು, ಆಮೇಲೆ ಹೇಳು" ಎಂದಳು. ಎರಡನೆಯದನ್ನು ತಂದಿದ್ದೇನೆ.

ಜೂನ್ 4, ಭಾನುವಾರ

ನಿಂತ ಗುರಿಗೆ ಹೊಡೆದೆ. ಐದು ಗುಂಡು, ಐದೂ ಬೆಂಕಿಪೊಟ್ಟಣದಷ್ಟು ಜಾಗದಲ್ಲಿ. ಕಾಗದವನ್ನು ಮನೆಗೆ ತಂದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದೆ. ಕೈ ಸರಿಯಾಗಿದೆ, ಕಣ್ಣು ಸರಿಯಾಗಿದೆ. ಇನ್ನೇನು ಬೇಕು ಇವರಿಗೆ.

ಜೂನ್ 10, ಶನಿವಾರ

ಹೊಸ ಮೋಟಾರು ಕೂರಿಸಿದ್ದಾರೆ. ಮರದ ಎಲ್ಕ್ ಓಡಿತು, ನಾನು ಹೊಡೆದೆ. ಎಂಟು ಈಡಿನಲ್ಲಿ ಎದೆಗೆ ಎರಡು. ಉಳಿದವು ಹೊಟ್ಟೆಗೆ, ತೊಡೆಗೆ, ಒಂದು ಬಾಲದ ಹಿಂದೆ ಗಾಳಿಗೆ. ಮೂವತ್ತು ವರ್ಷದಲ್ಲಿ ಹೀಗಾಗಿಲ್ಲ. ಹಿಂದೆ ನಿಂತಿದ್ದ ಸಿಕ್ಸ್ಟೆನ್ ದುರ್ಬೀನಿನಲ್ಲಿ ನೋಡಿ, "ಪಾಪ, ಬಾಲದ ಮೇಲೆ ನಿನಗೇನೋ ಹಗೆ ಇದೆ" ಎಂದ.

ಹಾಳು ಪರದೆ. ಚಿತ್ರ ತಡವಾಗಿ ತೋರಿಸುತ್ತದೆ, ಅಷ್ಟರಲ್ಲಿ ಎಲ್ಕ್ ಮುಂದೆ ಹೋಗಿರುತ್ತದೆ. ಮಾರಿತ್ ಹೇಳಿದ್ದಳಲ್ಲ. ಇಂಥ ಆಟಿಕೆಯನ್ನು ಮಾರುವವರಿಗೆ ನಾಚಿಕೆಯಾಗಬೇಕು.

ಜೂನ್ 23, ಶುಕ್ರವಾರ

ಮಧ್ಯಬೇಸಿಗೆ ಹಬ್ಬ. ಹೆರಿಂಗ್ ಮೀನು, ಎಳೆ ಆಲೂಗಡ್ಡೆ, ಮಳೆ ಬರುವ ಹಾಗೆ ಮಾಡಿ ಬಾರದ ಆಕಾಶ. ಹೂಗಂಬದ ಸುತ್ತ ಊರೆಲ್ಲ ಕುಣಿಯುತ್ತಿತ್ತು. ಅವಳೂ ಬಂದಿದ್ದಳು, ನಾಯಿಯೊಂದಿಗೆ. ಸೊಲ್ವೈಗ್‌ಳನ್ನು ತಬ್ಬಿಕೊಂಡು ಮಾತಾಡಿಸಿದಳು. ನನ್ನತ್ತ ತಲೆ ಕೂಡ ಆಡಿಸಲಿಲ್ಲ. ನಾಯಿ ಮಾತ್ರ ನನ್ನ ಕೈ ನೆಕ್ಕಿತು. ಬಿರ್ಕಾ. ನನ್ನ ಜೇಬಿನಲ್ಲಿ ಯಾವಾಗಲೂ ಒಣ ಸಾಸೇಜು ಇರುತ್ತಿದ್ದದ್ದು ಅದಕ್ಕೆ ನೆನಪಿದೆ.

ಹನ್ನೆರಡನೇ ವಯಸ್ಸಿಗೆ ಅವಳನ್ನು ಗುರಿಮೈದಾನಕ್ಕೆ ಕರೆತಂದಾಗ ಕೋವಿ ಅವಳಿಗಿಂತ ಉದ್ದವಿತ್ತು. ಕಲಿಸಿದವನು ನಾನು. ಈಗ ಲಾರಿಯಲ್ಲಿ ಮರದ ದಿಮ್ಮಿ ಸಾಗಿಸುತ್ತಾಳೆ, ರಸ್ತೆಯಲ್ಲಿ ಎದುರಾದರೆ ದೂಳೆಬ್ಬಿಸಿಕೊಂಡು ಹೋಗುತ್ತಾಳೆ. ಕೃತಜ್ಞತೆ ಎಂಬುದು ಈಗಿನವರಿಗೆ ಗೊತ್ತಿಲ್ಲ.

ಜುಲೈ 8, ಶನಿವಾರ

ಎರಡನೇ ಸ್ಕೋಪನ್ನು ಮಾರಿತ್‌ಳ ಮೇಜಿನ ಮೇಲೆ ಕುಕ್ಕಿ ಬಂದೆ. ಮೂರನೆಯದನ್ನು ತಂದೆ. "ಇದರಲ್ಲಿ ತಡ ಇಲ್ಲ ಅನ್ನೋಷ್ಟು ಕಡಿಮೆ. ಇದರ ಮೇಲೂ ತಪ್ಪು ಹೊರಿಸ್ಬೇಡ" ಎಂದಳು. ಬಾಯಿ ಜೋರು, ಅಪ್ಪನ ಹಾಗೆಯೇ.

ಜುಲೈ 9, ಭಾನುವಾರ

ಹತ್ತು ಈಡು. ಎದೆಗೆ ಮೂರು.

ಮೋಟಾರಿನದೇ ಕಿತಾಪತಿ ಎಂದುಕೊಂಡು ಗಡಿಯಾರ ಹಿಡಿದು ಅಳೆದೆ. ಪುಸ್ತಕದಲ್ಲಿ ಹೇಳಿದ ವೇಗದಲ್ಲೇ ಓಡುತ್ತಿದೆ. ಹಳೆಯ ಮೋಟಾರು ಇನ್ನೂ ಶೆಡ್ಡಿನಲ್ಲಿತ್ತು. ತಂತಿ ಜೋಡಿಸಿ ಅದನ್ನೂ ಓಡಿಸಿ ಅಳೆದೆ. ಬಹಳ ನಿಧಾನ. ಎಷ್ಟು ವರ್ಷದಿಂದ ನಿಧಾನವಾಗುತ್ತಾ ಬಂದಿತ್ತೋ. ಅದರ ಮೇಲೆ ನಾನು ಪ್ರತಿ ಬೇಸಿಗೆ ಚಿನ್ನದ ಬಿಲ್ಲೆ ಗೆದ್ದೆ. ಅರ್ವಿಡ್ ಆದರೂ ನೋಡಿಕೊಳ್ಳಬೇಕಿತ್ತು. ಯಾರಿಗೂ ಯಾವುದರ ಮೇಲೂ ಗಮನವಿಲ್ಲ.

ಆಗಸ್ಟ್ 5, ಶನಿವಾರ

ಮೈದಾನದಲ್ಲಿ ಯಾರೂ ಇರಲಿಲ್ಲ. ಹಳೆಯ ಗಾಜಿನ ಸ್ಕೋಪ್ ಹಾಕಿ ಹೊಡೆದೆ.

ಅದೇ.

ಆಗಸ್ಟ್ 6, ಭಾನುವಾರ

ಮೂರನೇ ಸ್ಕೋಪಿನ ಚಿತ್ರಗಳನ್ನು ಸೊಲ್ವೈಗ್‌ಳ ಟ್ಯಾಬ್ಲೆಟ್ಟಿಗೆ ಹಾಕಿ ಅಡುಗೆಮನೆಯ ಮೇಜಿನ ಮೇಲಿಟ್ಟು ನೋಡುತ್ತಿದ್ದೆ. ಅವಳು ಬೆರ್ರಿ ಹಣ್ಣು ಆರಿಸುತ್ತಾ ಹಿಂದೆ ಬಂದು ನಿಂತಳು. ಜೀವಮಾನದಲ್ಲಿ ಕೋವಿ ಮುಟ್ಟಿದವಳಲ್ಲ.

"ಆ ಕೆಂಪು ಚುಕ್ಕೆ ಏನು?"

"ಅದೇ ಗುರಿ. ಚುಕ್ಕೆ ಇದ್ದಲ್ಲಿ ಗುಂಡು ಹೋಗುತ್ತೆ."

ಎರಡು ಮೂರು ಚಿತ್ರ ನೋಡಿದಳು. "ಎಲ್ಕ್ ಓಡ್ತಾ ಇದೆ. ಚುಕ್ಕೆ ಅದರ ಜೊತೆ ಓಡ್ತಾ ಇದೆ. ಆಮೇಲೆ ಚುಕ್ಕೆ ನಿಂತ್ಹೋಗುತ್ತೆ. ಆಮೇಲೆ ಢಂ. ಯಾಕೆ ನಿಲ್ಲುತ್ತೆ?"

"ಎಲ್ಲಿ ನಿಲ್ಲುತ್ತೆ? ನಿನಗೇನು ಗೊತ್ತು?" ಎಂದು ಕೂಗಿದೆ.

"ನನಗೇನೂ ಗೊತ್ತಿಲ್ಲ. ಅದಕ್ಕೇ ಕೇಳಿದ್ದು."

ಬಾಗಿಲು ದಡಾರ್ ಎಂದಿತು. ಶೆಡ್ಡಿನಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ಮರ ಕೊಯ್ಯುವ ಕಾರ್ಖಾನೆಯಲ್ಲಿ ನಲವತ್ತು ವರ್ಷ ಗರಗಸದ ಹಲ್ಲು ಹರಿತ ಮಾಡಿದವನು ನಾನು. ಕೂದಲೆಳೆಯಷ್ಟು ವ್ಯತ್ಯಾಸ ಇದ್ದರೂ ಬರಿಗಣ್ಣಿಗೆ ಗೊತ್ತಾಗುತ್ತಿತ್ತು. ನನಗೆ ಚುಕ್ಕೆ ನಿಲ್ಲುವುದು ಕಾಣುವುದಿಲ್ಲವಂತೆ, ಬೆರ್ರಿ ಆರಿಸುವವಳಿಗೆ ಕಾಣುತ್ತದಂತೆ.

ಆಗಸ್ಟ್ 8, ಮಂಗಳವಾರ

ಹಿಂದಿನ ಸ್ಕೋಪಿನವೂ ಸೇರಿ ಹದಿನೆಂಟು ಚಿತ್ರ. ಹದಿನೆಂಟರಲ್ಲೂ ನಿಲ್ಲುತ್ತದೆ.

ಟ್ರಿಗರ್ ಒತ್ತುವ ಮುಂಚಿನ ಕ್ಷಣ ನನ್ನ ಕೈ ಕಲ್ಲಾಗುತ್ತದೆ. ಹಳೆಯ ಮೋಟಾರಿನ ಮುಂದೆ ಇದು ಬಯಲಾಗಲಿಲ್ಲ. ಅದು ಎಷ್ಟು ನಿಧಾನವೆಂದು ನನ್ನ ಕೈಗೆ ಗೊತ್ತಿತ್ತು, ಎಲ್ಕಿನ ಮೂಗಿನ ಮುಂದೆ ಇಂತಿಷ್ಟು ಜಾಗ ಬಿಟ್ಟು ಕೋವಿ ನಿಲ್ಲಿಸಿದರೆ ಅದಾಗಿಯೇ ಬಂದು ಗುಂಡಿಗೆ ಎದೆ ಕೊಡುತ್ತಿತ್ತು. ನಾನು ಗುರಿ ಕಲಿಯಲಿಲ್ಲ, ಆ ಮೋಟಾರನ್ನು ಕಲಿತೆ. ಮತ್ತೆ ಅದೇ ನಾನು ಮೂವತ್ತು ವರ್ಷ ಎಲ್ಲರ ಬೆನ್ನ ಹಿಂದೆ ನಿಂತು ಗಂಟಲು ಹರಿದುಕೊಂಡೆ: ಪ್ರಾಣಿ ಓಡ್ತಿದ್ರೆ ಕೋವೀನೂ ಓಡ್ಲಿ, ಈಡು ಹಾರಿದ ಮೇಲೂ ಓಡ್ಲಿ.

ಇದಕ್ಕೂ ಹೋದ ವರ್ಷದ್ದಕ್ಕೂ ಸಂಬಂಧವಿಲ್ಲ ಎಂದು ಒಂದು ವಾಕ್ಯ ಬರೆದಿದ್ದೆ. ಗೀಟು ಹಾಕಿದೆ.

ಆಗಸ್ಟ್ 19, ಶನಿವಾರ

ತಂಡದ ವಾರ್ಷಿಕ ಗುರಿಪರೀಕ್ಷೆ. ಇದರಲ್ಲಿ ಪಾಸಾಗದವರಿಗೆ ನಮ್ಮಲ್ಲಿ ತಾಣವಿಲ್ಲ. ಪ್ರತಿ ವರ್ಷ ಮೊದಲು ಹೊಡೆಯುವವನು ನಾನು. ಇವತ್ತು ಭುಜ ನೋವು ಎಂದೆ.

"ಭುಜ?" ಎಂದ ಸಿಕ್ಸ್ಟೆನ್, ಒಂದೇ ಪದ.

ಉಳಿದವರ ಹಿಂದೆ ನಿಂತೆ, ಎಂದಿನಂತೆ. ನಾನು ಕೂಗದಿದ್ದರೂ ಎಲ್ಲರೂ ಪಾಸಾದರು, ಸಿಕ್ಸ್ಟೆನ್ ಕೂಡ. ಅವನ ಕೋವಿ ಈಡಿನ ನಂತರವೂ ಹಳಿಯ ತುದಿಯವರೆಗೆ ತಿರುಗುತ್ತಲೇ ಹೋಯಿತು. ನಾನು ಕಲಿಸಿದ ಹಾಗೆ. ಕೆನ್ನೆಗೆ ಹೊಡೆದ ಹಾಗಾಯಿತು.

ಸಾಸೇಜು ಸುಡುವ ಬೆಂಕಿಯ ಹತ್ತಿರ ಅರ್ವಿಡ್ ಬಂದು ಕೂತ. "ನಾಯಿ ಸಿಕ್ಕಿಲ್ಲ. ಆಚೆ ಕಣಿವೆಯವನು ಈ ವರ್ಷ ಆಗಲ್ಲ ಅಂದ. ಹೊಲ್ಗರ್, ನೀನು ಹೋಗಿ ಕೇಳು."

"ನಾನ್ಯಾಕೆ? ಮುಖ್ಯಸ್ಥ ನೀನು."

"ನಾನು ಎರಡ್ ಸಲ ಹೋಗಿದ್ದೆ. ಕಾಫಿ ಕೊಟ್ಟಳು, ಉತ್ತರ ಕೊಡಲಿಲ್ಲ. ಅವಳ ಪಾಲಿನ ಮಾಂಸ ನನ್ನ ಫ್ರೀಜರಲ್ಲಿ ಹಾಗೇ ಇದೆ, ಹೆಸರು ಬರ್ಕೊಂಡು. ಮುಟ್ಟೋಕೂ ಆಗಲ್ಲ, ಎಸೆಯೋಕೂ ಆಗಲ್ಲ." ಕಡ್ಡಿ ತಿರುಗಿಸಿ ಸಾಸೇಜಿನ ಇನ್ನೊಂದು ಮಗ್ಗುಲು ಸುಟ್ಟ. "ಯಾರು ಹೋಗ್ಬೇಕು ಅಂತ ನಿಂಗೂ ಗೊತ್ತು."

ಎಲ್ಲರಿಗೂ ಎಲ್ಲವೂ ಗೊತ್ತು. ಗೊತ್ತಿದ್ದೂ ಒಂದು ವರ್ಷ ಬಾಯಿಗೆ ಬೀಗ ಹಾಕಿಕೊಂಡು ನನ್ನ ಜೊತೆ ಕೂತು ಬನ್ನು ತಿಂದು ಕಾಫಿ ಕುಡಿದರು. ಒಬ್ಬನಾದರೂ ಆಗಲೇ ನನ್ನ ಕೊರಳಪಟ್ಟಿ ಹಿಡಿಯಬಾರದಿತ್ತೆ?

ಸೆಪ್ಟೆಂಬರ್ 2, ಶನಿವಾರ

ಮಾರಿತ್ ಫೋನು ಮಾಡಿದ್ದಳು, ಸ್ಕೋಪ್ ಬೇಕೋ ಬೇಡವೋ ಎಂದು. ಹೋದೆ.

"ಇದರಲ್ಲೇನು ತಪ್ಪು ಕಂಡ್ಹಿಡಿದೆ?"

"ಏನೂ ಇಲ್ಲ."

"ಏನೂ ಇಲ್ವಾ? ನಿಂಗೆ ಹುಷಾರಿಲ್ವಾ?"

ಮೂರನೆಯದೇ ಇರಲಿ ಎಂದೆ. ಡಬ್ಬಿಗೆ ಹಾಕಿ ಕೊಡುತ್ತಾ ಮೆಲ್ಲಗೆ ಕೇಳಿದಳು, "ಸಾಕ್ಷಿ ಸಿಕ್ತಾ?"

ಸಿಕ್ಕಿತು ಎಂದೆ. ಮನೆಗೆ ಬರುವವರೆಗೂ ಮೈಯೆಲ್ಲ ಉರಿಯುತ್ತಿತ್ತು. ಯಾರ ಮೇಲೆಂದು ಬರೆಯಲು ಹೋದರೆ ಹೆಸರು ಹೊಳೆಯುತ್ತಿಲ್ಲ. ಮಾರಿತ್ ಮೇಲಂತೂ ಅಲ್ಲ.

ಸೆಪ್ಟೆಂಬರ್ 24, ಭಾನುವಾರ

ಯುಲ್ವಾಳ ಮನೆಗೆ ಹೋಗಿದ್ದೆ.

ಲಾರಿಯ ಕೆಳಗೆ ಮಲಗಿ ಗ್ರೀಸು ಹಚ್ಚುತ್ತಿದ್ದಳು. ಬೂಟು ಮಾತ್ರ ಹೊರಗಿತ್ತು. ಬಿರ್ಕಾ ಓಡಿಬಂದು ನನ್ನ ಜೇಬಿಗೆ ಮೂತಿ ತೂರಿಸಿತು. "ಯಾರು?" ಎಂದಳು ಕೆಳಗಿನಿಂದ. ನಾನು ಎಂದೆ. ಬೂಟು ಅಲುಗಾಡಲಿಲ್ಲ.

ಕೊನೆಗೆ ಹೊರಬಂದು, ಕೈ ಒರೆಸಿಕೊಂಡು, ಚಕ್ರಕ್ಕೆ ಒರಗಿ ನಿಂತಳು. ನಾನು ಮಾತಾಡದೆ ಫೋನಿನಲ್ಲಿದ್ದ ಚಿತ್ರ ಹಚ್ಚಿ ಕೊಟ್ಟೆ. ಒಂದು ನೋಡಿದಳು, ಇನ್ನೊಂದು ನೋಡಿದಳು. ಮೂರನೆಯದನ್ನು ನೋಡದೆ ವಾಪಸ್ ಕೊಟ್ಟಳು.

"ನಿಲ್ಲಿಸ್ತಿದೀಯ" ಎಂದಳು.

"ಹೌದು."

"ಆವತ್ತೂ ನಿಲ್ಲಿಸಿದ್ದೆ. ನಿನ್ನ ಎರಡನೇ ಈಡಿಗೆ ಅದು ಹೊಟ್ಟೆಗೆ ತಾಗಿದ ಹಾಗೆ ಬೆನ್ನು ಬಾಗಿಸ್ತು. ನಾನು ಹೊಡೆದಿದ್ದು ಅದು ಬಾಗಿದ್ದು ನೋಡಿದ ಮೇಲೆ, ಇನ್ನಷ್ಟು ದೂರ ಹೋಗದ ಹಾಗೆ ಬೀಳಿಸೋಣ ಅಂತ. ನಂದು ತಪ್ಪಿತು, ಕಲ್ಲಿಗೆ ಬಿತ್ತು."

"ಮತ್ಯಾಕೆ ಹೇಳಲಿಲ್ಲ?" ನನ್ನ ದನಿ ಏರಿತ್ತು. ತಪ್ಪೊಪ್ಪಿಕೊಳ್ಳಲು ಹೋದವನು ಅವಳ ಅಂಗಳದಲ್ಲಿ ನಿಂತು ಅವಳ ಮೇಲೇ ಕೂಗಾಡಿದೆ. "ಒಂದ್ ಮಾತು, ಒಂದೇ ಒಂದ್ ಮಾತು ಆಡಿದ್ರೆ ಏನಾಗ್ತಿತ್ತು?"

"ನೀನು ಕಣ್ಣಾರೆ ಕಂಡೆ ಅಂದೆ, ಹೊಲ್ಗರ್." ಅವಳ ದನಿ ಏರಲಿಲ್ಲ. "ನೀನು ಅಂದ್ರೆ ನನಗೆ ಯಾರು? ಹನ್ನೆರಡು ವರ್ಷದಿಂದ ನೀನು ಹೇಳಿದ್ದೇ ಸರಿ ಅಂತ ಹೊಡೆದವಳು. ಕ್ರಿಸ್‌ಮಸ್ ತನಕ ನಾನೂ ನಂಬಿದ್ದೆ. ನಾನೇ ಹೊಡೆದೆ ಅಂತ. ಆ ಕರು ನಿಂತಿದ್ದ ರೀತಿ ಕಣ್ಣಿಂದ ಹೋಗದೆ ಕೋವೀನ ಮಾರೋಕೆ ಹೊರಟಿದ್ದೆ. ಆಮೇಲೆ ಒಂದಿನ ಲಾರಿ ಓಡಿಸ್ತಾ ಇದ್ದಾಗ ನೆನಪಾಯ್ತು, ಮೊದಲು ಬಾಗಿದ್ದು, ಆಮೇಲೆ ನನ್ನ ಈಡು. ಅಷ್ಟೊತ್ತಿಗೆ ಯಾರ ಹತ್ರ ಹೋಗಿ ಹೇಳೋದು?"

ನಾನು ಕ್ಷಮಿಸು ಎಂದೆ. ಬಹಳ ವರ್ಷಗಳಿಂದ ಯಾರಿಗೂ ಹೇಳದ ಮಾತು, ಬಾಯಲ್ಲಿ ಸರಿಯಾಗಿ ತಿರುಗಲಿಲ್ಲ.

"ಇಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ" ಎಂದಳು. "ಎಲ್ಲಿ ಹೇಳಿದ್ಯೋ ಅಲ್ಲೇ ಹೇಳು."

"ಸಭೇಲಿ ಹೇಳ್ತೀನಿ."

"ಸಭೇಲಲ್ಲ. ವಾಕಿಟಾಕೀಲಿ. ಮೊದಲ ದಿನ, ಎಲ್ಲರೂ ತಾಣದಲ್ಲಿ ನಿಂತ ಮೇಲೆ. ಸಭೇಲಾದ್ರೆ ಯಾರಾದ್ರೂ ಬೆನ್ನು ತಟ್ತಾರೆ, ಅರ್ವಿಡ್ ಕಾಫಿ ಹಾಕ್ತಾನೆ. ನಾನು ಒಬ್ಬಳೇ ನಿಂತ್ಕೊಂಡು ಕೇಳಿಸ್ಕೊಂಡೆ. ನೀನೂ ಒಬ್ಬನೇ ನಿಂತ್ಕೊಂಡು ಹೇಳು. ನಾನು ಬಿರ್ಕಾನ ಕರ್ಕೊಂಡು ಅರ್ವಿಡ್ ಅಂಗಳದಲ್ಲಿ ಇರ್ತೀನಿ, ನನ್ನ ಹಳೇ ವಾಕಿಟಾಕಿ ಅವನ ಹತ್ರ ಇದೆ, ಅದ್ರಲ್ಲಿ ಕೇಳಿಸ್ಕೊಳ್ತೀನಿ. ಹೇಳಿದ್ರೆ ನಾಯಿ ಇರುತ್ತೆ. ಇಲ್ಲಾಂದ್ರೆ ಗಾಡಿ ತಿರುಗಿಸ್ತೀನಿ, ಈ ವರ್ಷ ನಿಮಗೆ ಬೇಟೆ ಇಲ್ಲ."

ಮತ್ತೆ ಲಾರಿಯ ಕೆಳಗೆ ಹೋದಳು. ಬೂಟು ಮಾತ್ರ ಕಾಣುತ್ತಿತ್ತು.

ಸೆಪ್ಟೆಂಬರ್ 25, ಸೋಮವಾರ

ನನಗೆ ಷರತ್ತು. ಮೂಗು ಒರೆಸಿಕೊಳ್ಳಲು ಬಾರದ ಕಾಲದಿಂದ ನೋಡಿದ್ದೇನೆ, ಅವಳು ನನಗೆ ಷರತ್ತು ಹಾಕುತ್ತಾಳೆ. ಅರ್ವಿಡ್‌ಗೆ ಫೋನು ಮಾಡಿ, ನಾಯಿ ಬರುತ್ತೆ, ಆದರೆ ಮೊದಲ ದಿನ, ಪ್ರಾಣಿಗಳನ್ನು ತಾಣಗಳತ್ತ ಅಟ್ಟುವ ಸೋವು ಶುರುವಾಗುವ ಮುಂಚೆ, ವಾಕಿಟಾಕಿಯಲ್ಲಿ ನನಗೊಂದು ನಿಮಿಷ ಬೇಕು ಎಂದೆ. ಏನಕ್ಕೆ ಎಂದು ಅವನು ಕೇಳಲಿಲ್ಲ. ಕೇಳಿದ್ದರೆ ಜಗಳವಾಡಬಹುದಿತ್ತು.

ಅಕ್ಟೋಬರ್ 1, ಭಾನುವಾರ

ಖಾಲಿ ಕೋವಿ ಹಿಡಿದು ಕೊಟ್ಟಿಗೆಯ ಸೂರಿನ ಅಂಚಿನಗುಂಟ ಎಡದಿಂದ ಬಲಕ್ಕೆ ತಿರುಗಿಸುತ್ತೇನೆ, ನಡುವೆ ಟ್ರಿಗರ್ ಒತ್ತುತ್ತೇನೆ, ಮತ್ತೂ ತಿರುಗಿಸುತ್ತೇನೆ. ದಿನಕ್ಕೆ ನೂರು ಸಲ. ಅರವತ್ತಮೂರನೇ ವಯಸ್ಸಿಗೆ ಒಂದನೇ ತರಗತಿ. ಸೊಲ್ವೈಗ್ ಬಟ್ಟೆ ಒಣಹಾಕುತ್ತಾ ನೋಡುತ್ತಿದ್ದಳು. "ಇನ್ನೂ ನಿಲ್ತಿದೆ" ಎಂದಳು. ಸ್ವಲ್ಪ ಹೊತ್ತಿನ ಮೇಲೆ, "ಈಗ ಪರವಾಗಿಲ್ಲ" ಎಂದಳು. ಈಗ ಅವಳೂ ಗುರಿ ಕಲಿಸುವವಳಾದಳು.

ಊಟಕ್ಕೆ ಕೂತಾಗ ಕೇಳಿದಳು, "ಬಾಗಿಲಿನ ಕೀಲಿಗೆ ಎಣ್ಣೆ ಹಾಕಿದ್ಯಾ? ಒಂದ್ ವಾರದಿಂದ ಸದ್ದೇ ಇಲ್ಲ."

ನಾನು ಎಣ್ಣೆ ಹಾಕಿಲ್ಲ. ಹವಾಮಾನ ಒಣಗಿದೆ, ಮರ ಕುಗ್ಗಿರಬೇಕು.

ಅಕ್ಟೋಬರ್ 8, ಭಾನುವಾರ

ನಾಳೆ ಬೇಟೆ. ಸ್ಮಾರ್ಟ್ ಸ್ಕೋಪ್ ಬಿಚ್ಚಿ ಡಬ್ಬಿಯಲ್ಲಿಟ್ಟು ಗುರಿಮೈದಾನದ ಕಪಾಟಿಗೆ ಸೇರಿಸಿ ಬಂದೆ. ಅದರ ಜಾಗ ಅಲ್ಲಿ. ಯಾರು ಬೇಕಾದರೂ ಹಾಕಿಕೊಂಡು ತಮ್ಮ ಚುಕ್ಕೆ ನಿಲ್ಲುತ್ತದೋ ಇಲ್ಲವೋ ನೋಡಿಕೊಳ್ಳಲಿ. ಕೋವಿಗೆ ಹಳೆಯ ಗಾಜನ್ನೇ ಹಾಕಿದೆ. ಹಗುರ, ಬ್ಯಾಟರಿ ಬೇಡ, ಮಂಜಿಗೆ ಹೆದರುವುದಿಲ್ಲ. ಅರ್ವಿಡ್‌ಗೆ ಹೇಳಿದ್ದೇನೆ, ಗುರಿಪರೀಕ್ಷೆ ಕೊಡದವನು ನಾನು, ಈ ವರ್ಷ ನಿಂತ ಪ್ರಾಣಿಗೆ ಮಾತ್ರ ಹೊಡೆಯುತ್ತೇನೆ, ಬೇಡವೆಂದರೆ ಅದೂ ಬೇಡ. ನಿಂತದ್ದಕ್ಕೆ ಹೊಡಿ ಎಂದ.

ನಾಳೆ ಹೇಳಬೇಕಾದ್ದನ್ನು ಕಾಗದದ ಮೇಲೆ ಬರೆದೆ. ಅರ್ಧ ಪುಟವಾಯಿತು. ಮೋಟಾರು, ಇಳಿಬೆಳಕು, ನಾಗಾಲೋಟ, ಗಾಳಿ, ಎಲ್ಲ ನೆಪ. ಓದಿದೆ. ಹರಿದು ಒಲೆಗೆ ಹಾಕಿದೆ.

ಅಕ್ಟೋಬರ್ 9, ಸೋಮವಾರ

ಏಳೂವರೆಗೆ ಎಲ್ಲರೂ ತಾಣ ಸೇರಿದೆವು. ಹುಲ್ಲಿನ ಮೇಲೆ ಹಿಮದ ಹುಡಿ. ಪಕ್ಕದಲ್ಲಿ ನಾಲ್ಕನೇ ತಾಣ ಖಾಲಿ, ಅವಳ ಏಣಿಗೋಪುರದ ಮೆಟ್ಟಿಲಿಗೆ ಪಾಚಿ ಹತ್ತಿದೆ. ಅರ್ವಿಡ್ ಒಬ್ಬೊಬ್ಬರನ್ನೇ ಕರೆದ, ಎಲ್ಲರೂ ಇದ್ದೇವೆ ಎಂದೆವು. ಆಮೇಲೆ ಅವನು, "ಐದನೇ ತಾಣ. ಏನೋ ಹೇಳ್ಬೇಕು ಅಂದಿದ್ದೆ" ಎಂದ.

ಕೈಗವಸು ಕಚ್ಚಿ ಎಳೆದು ಗುಂಡಿ ಒತ್ತಿದೆ. ಬೆರಳು ಜಾರಿತು. ಮತ್ತೆ ಒತ್ತಿದೆ.

"ಐದು. ಹೋದ ವರ್ಷ ಹೆಣ್ಣು ಎಲ್ಕ್ ಹೊಟ್ಟೆಗೆ ಬಿದ್ದ ಈಡು ನಂದು. ಯುಲ್ವಾಳದ್ದಲ್ಲ. ಕಣ್ಣಾರೆ ಕಂಡೆ ಅಂದಿದ್ದು ಸುಳ್ಳು. ನಾನೇನೂ ಕಂಡಿರಲಿಲ್ಲ."

ಗುಂಡಿ ಬಿಟ್ಟೆ. ಕಾಡಿನಲ್ಲಿ ಸದ್ದಿಲ್ಲ. ಈ ಜನ ಉಸಿರು ಬಿಡುವುದನ್ನೂ ಮರೆತರೇನೋ ಎಂದು ಸಿಟ್ಟು ಬಂತು. ಹೇಳಿಯಾಯಿತು, ಬೈಯುವುದಾದರೆ ಬೈದುಬಿಡಬಾರದೆ.

"ಒಂದು. ಕೇಳಿಸಿತು." ಸಿಕ್ಸ್ಟೆನ್. ಅವನ ದನಿಯಲ್ಲಿ ತಮಾಷೆ ಇರಲಿಲ್ಲ.

"ಎರಡು. ಕೇಳಿಸಿತು."

"ಮೂರು. ಕೇಳಿಸಿತು."

ನಾಲ್ಕು ಬರಬೇಕಿತ್ತು. ಖಾಲಿ ಗೋಪುರವನ್ನೇ ನೋಡುತ್ತಾ ಕಾದೆ. ಯಾರೂ ಆರಕ್ಕೆ ಹಾರಲಿಲ್ಲ.

ಆಮೇಲೆ ಅರ್ವಿಡ್‌ನ ಅಂಗಳದಿಂದ, ಹಿಂದೆ ನಾಯಿಯೊಂದು ಬೊಗಳುತ್ತಿರುವಾಗ: "ನಾಲ್ಕು. ಕೇಳಿಸಿತು."

ಅಷ್ಟೇ. ಆರು, ಏಳು, ಎಂಟು ತಮ್ಮ ಸರದಿ ಹೇಳಿದರು. ಸೋವು ಶುರುವಾಯಿತು.

ಹನ್ನೊಂದರ ಹೊತ್ತಿಗೆ ಒಂದು ಗಂಡು ಎಲ್ಕ್ ಬಯಲಿಗೆ ನುಗ್ಗಿತು. ಅಗಲ ಕೊಂಬು, ಕೊಬ್ಬಿದ ಕತ್ತು, ನನ್ನ ಮುಂದೆ ಎಂಬತ್ತು ಮೀಟರಿನಲ್ಲಿ ಓಡಿತು. ಕೋವಿ ಎತ್ತಿ ಅದರೊಂದಿಗೆ ತಿರುಗಿಸಿದೆ. ಟ್ರಿಗರ್ ಮುಟ್ಟಲಿಲ್ಲ. ಅದು ಮರಗಳ ಹಿಂದೆ ಮರೆಯಾಯಿತು, ನನ್ನ ಕೋವಿ ಇನ್ನೂ ತಿರುಗುತ್ತಲೇ ಇತ್ತು.

"ಐದು, ಗಂಡು ನಿನ್ನ ಮುಂದೇನೇ ಹೋಯ್ತಲ್ಲ" ಎಂದ ಅರ್ವಿಡ್, ನನ್ನ ಮಾತು ಮರೆತವನಂತೆ. "ಯಾಕೆ ಹೊಡೀಲಿಲ್ಲ?"

"ಓಡ್ತಿತ್ತು" ಎಂದೆ.

"ಕೇಳಿಸಿತು" ಎಂದಳು ಯುಲ್ವಾ, ಅರ್ವಿಡ್‌ಗಿಂತ ಮೊದಲು.